ಬೈಲಪ್ಪನ ಉರುಮೆ

ರೆಕಾರ್ಡಿನ ಮೇಲಿನ ಸೂಜಿ ಮತ್ತೆ ಅದೇ ಜಾಗದಲ್ಲಿ ಹಾರಿತು. ಗಿಟಾರು ಏರುತ್ತ ಏರುತ್ತ ಬಂದು, ಇನ್ನೇನು ಎಲ್ಲ ವಾದ್ಯಗಳೂ ನಿಲ್ಲಬೇಕು ಅನ್ನುವಷ್ಟರಲ್ಲಿ ಟಕ್ ಎಂದು ಸದ್ದಾಗಿ ಹಾಡು ಮುಂದಕ್ಕೆ ನೆಗೆದುಬಿಟ್ಟಿತು. ಗಾದ್ರಪ್ಪ ಸೂಜಿ ಎತ್ತಿ ಹಿಡಿದು ನಾಗೇಂದ್ರಪ್ಪನ ಮುಖ ನೋಡಿದ. ನಾಗೇಂದ್ರಪ್ಪ ದುರುಗಕ್ಕನ ಮುಖ ನೋಡಿದ. ದುರುಗಕ್ಕ ಯಾರ ಮುಖವನ್ನೂ ನೋಡಲಿಲ್ಲ. ಗಾದ್ರಪ್ಪನ ಮೈಕ್ ಸೆಟ್ ಅಂಗಡಿಯ ಹೊಸಿಲಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನೋಡಕ್ಕ, ಇಲ್ಲೇ ಗೀರು ಬಿದ್ದಿರಾದು. ನಾನು ಹೇಳಿದ್ನಲ್ಲ," ಎಂದ ನಾಗೇಂದ್ರಪ್ಪ.

"ಅಷ್ಟುದ್ದದ ಹಾಡಿನಾಗೆ ಗೀರು ಬೀಳಾಕೆ ನಮ್ಮ ತಮ್ಮನೇ ಬೇಕಾಗಿತ್ತೇನ್ರಿ?"

ನಾಗೇಂದ್ರಪ್ಪ ಬಗ್ಗಿ ಗೀರನ್ನು ಮತ್ತೊಮ್ಮೆ ನೋಡಿದ.

ನಾಗೇಂದ್ರಪ್ಪ ಈಗ ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡು ತಣ್ಣಗಿದ್ದಾನೆ. ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಕೂದಲನ್ನು ಭುಜದ ತನಕ ಬಿಟ್ಟು, ಕರೆಂಟಿನ ಗಿಟಾರು ಹೆಗಲಿಗೇರಿಸಿ, ರಾಕ್ ಸಂಗೀತ ಮಾಡುತ್ತೇನೆಂದು ಬೆಂಗಳೂರಿಗೆ ಹೋದವನು. ಊರಿನವರು ನಕ್ಕರು, ಮನೆಯವರು ಬೈದರು. ಅಲ್ಲಿ ಒಂದೇ ಒಂದು ಸಿನಿಮಾಕ್ಕೆ ಸಂಗೀತ ಕೊಟ್ಟ. ಸಿನಿಮಾ ದಾವಣಗೆರೆಯಲ್ಲಿ ಒಂಬತ್ತು ದಿನ ಓಡಿ ಮಲಗಿತು. ಕಂಪನಿಯವರು ಮಾರಾಟವಾಗದ ರೆಕಾರ್ಡುಗಳನ್ನೆಲ್ಲ ವಾಪಸು ತರಿಸಿ ಕರಗಿಸಿದರು. ಅವನ ಬಳಿಯಿದ್ದ ಒಂದು ಬಿಸಿಲಿಗೆ ಸಿಕ್ಕಿ ಹಪ್ಪಳದ ಹಾಗೆ ಮುದುರಿತ್ತು.

ಆ ಹಾಡಿನ ನಡುವೆ ಉರುಮೆ ಬಾರಿಸಿದವನು ದುರುಗಕ್ಕನ ತಮ್ಮ ಬೈಲಪ್ಪ. ಜಗಳೂರು ಸೀಮೆಯ ಹಟ್ಟಿಯವನು. ಕೋಲನ್ನು ಚರ್ಮಕ್ಕೆ ಉಜ್ಜಿ ಉರುಮೆಯನ್ನು ಹುಲಿಯ ಹಾಗೆ ಗುರುಗುಟ್ಟಿಸುತ್ತಿದ್ದ. ಒಂದು ದೇವರ ಉತ್ಸವದಲ್ಲಿ ಅದನ್ನು ಕೇಳಿದ ನಾಗೇಂದ್ರಪ್ಪ ಮೂರು ದಿನ ಹಟ್ಟಿಯಲ್ಲೇ ಉಳಿದು, ದುರುಗಕ್ಕನ ಕೈಯ ರೊಟ್ಟಿ ತಿಂದು, ಅವಳ ಒಪ್ಪಿಗೆ ಪಡೆದೇ ಅವನನ್ನು ಬೆಂಗಳೂರಿಗೆ ಕರೆದೊಯ್ದಿದ್ದ. ಹಾಡಿನ ನಡುವೆ ಗಿಟಾರೂ ಇಲ್ಲ, ಮತ್ತೊಂದೂ ಇಲ್ಲ. ಅರ್ಧ ನಿಮಿಷ ಬರೀ ಉರುಮೆ. ಮುಂದೆ ಮೂರು ವರ್ಷಕ್ಕೆ ಬೈಲಪ್ಪ ಕಾಮಾಲೆಯಲ್ಲಿ ತೀರಿಕೊಂಡ.

ಎಲ್ಲ ಮರೆತುಹೋಯಿತು ಅನ್ನುವ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಬಂತು. ಜಗಳೂರಿನ ಮೈಕ್ ಸೆಟ್ಟಿನ ಗಾದ್ರಪ್ಪನ ಬಳಿ ಆ ರೆಕಾರ್ಡು ಒಂದು ಹೇಗೋ ಉಳಿದಿತ್ತು. ಯಾರೋ ಅದರಿಂದ ಒಂದು ಕ್ಯಾಸೆಟ್ ತುಂಬಿಸಿಕೊಂಡರು, ಅದರಿಂದ ಹತ್ತು, ಹತ್ತರಿಂದ ನೂರು. ಹೊನ್ನಾಳಿ, ನ್ಯಾಮತಿ ಬಸ್ ಸ್ಟ್ಯಾಂಡುಗಳಲ್ಲಿ ಪೆನ್ನಿನಲ್ಲಿ ಬರೆದ ಚೀಟಿ ಅಂಟಿಸಿ ಮಾರಿದರು. ಒಂಬತ್ತು ದಿನ ಓಡಿದ ಸಿನಿಮಾದ ಹಾಡಿಗೆ ದಾವಣಗೆರೆಯ ಕಾಲೇಜು ಹುಡುಗರು ಮುಗಿಬಿದ್ದರು. ಬೆಂಗಳೂರಿನಲ್ಲಿ ಇಂಥ ರೆಕಾರ್ಡುಗಳನ್ನೇ ಕೂಡಿಡುವ ಆಸಾಮಿಯೊಬ್ಬ, ಭಾನುವಾರ ಬರುತ್ತೇನೆ, ರೆಕಾರ್ಡು ಕೊಟ್ಟರೆ ಹೊಸ ಆಂಪ್ಲಿಫೈಯರ್ ಕೊಡುತ್ತೇನೆ ಎಂದು ಗಾದ್ರಪ್ಪನಿಗೆ ಕಾಗದ ಬರೆದಿದ್ದ.

ಆದರೆ ಕ್ಯಾಸೆಟ್ಟು ತುಂಬಿಸುವ ಮೊದಲೇ, ಯಾವುದೋ ಮದುವೆಯ ಚಪ್ಪರದಲ್ಲಿ ಯಾರೋ ವೈರು ಎಡವಿ ಸೂಜಿ ರೆಕಾರ್ಡಿನ ಮೇಲೆ ಪರ್ರನೆ ಎಳೆದುಹೋಗಿತ್ತು. ಹಾಗಾಗಿ ನೂರಕ್ಕೆ ನೂರು ಕ್ಯಾಸೆಟ್ಟಿನಲ್ಲೂ ಉರುಮೆ ಇರಲಿಲ್ಲ. ಜನಕ್ಕೆ ಅದು ಗೊತ್ತೂ ಆಗಲಿಲ್ಲ. ಹಾಡೇ ಹಾಗೆ ಅಂದುಕೊಂಡರು.

ಗೊತ್ತಾದದ್ದು ದುರುಗಕ್ಕನಿಗೆ. ಎಲ್ಲರೂ ಸುಮ್ಮನಾಗುತ್ತಾರೆ, ಆಮೇಲೆ ನಮ್ಮ ಬೈಲ ಒಬ್ಬನೇ ಬಾರಿಸುತ್ತಾನೆ ಎಂದು ತಮ್ಮ ಹೇಳಿದ್ದನ್ನೇ ಹತ್ತು ವರ್ಷದಿಂದ ಹೇಳಿಕೊಂಡು ಬಂದವಳು. ಕ್ಯಾಸೆಟ್ಟು ಸಿಕ್ಕಿದ ದಿನ ಹಟ್ಟಿಯನ್ನೆಲ್ಲ ಕರೆದು ಕೂರಿಸಿದಳು. ಹಾಡು ಮುಗಿಯಿತು, ಉರುಮೆ ಬರಲಿಲ್ಲ. ಯಾರೋ ಮುಸಿಮುಸಿ ನಕ್ಕರು. ದೊಡ್ಡೋರು ನಮ್ಮೋರನ್ನ ಎಲ್ಲಿ ಇಟ್ಟಾರು, ಕತ್ತರಿಸಿ ಬಿಸಾಕಿರ್ತಾರೆ ಎಂದ ಒಬ್ಬ. ಆ ಮಾತು ಕೇಳಿದವಳು ಎರಡು ಬಸ್ಸು ಬದಲಿಸಿ ಚನ್ನಗಿರಿಗೆ ಬಂದು, ಗಿರಾಕಿಗಳ ಎದುರಿಗೇ, ನನ್ನ ತಮ್ಮನನ್ನು ಎಲ್ಲಿ ತೆಗೆದುಹಾಕಿದಿರಿ ಎಂದು ಕೇಳಿಬಿಟ್ಟಳು. ಉಂಡ ಮನೆಗೆ ಎರಡು ಬಗೆದಿರಿ ಅಂದಳು. ನಾಗೇಂದ್ರಪ್ಪ ಅಂಗಡಿಗೆ ಬೀಗ ಹಾಕಿ ಗಾದ್ರಪ್ಪನ ಬಳಿಗೆಂದು ಅವಳ ಜೊತೆ ಜಗಳೂರಿನ ಬಸ್ಸು ಹತ್ತಿದ್ದ.

"ಕಾಯಿನ್ ಇಡಾನ, ಗಾದ್ರಪ್ಪ?" ಎಂದ ಈಗ.

ಮೈಕ್ ಸೆಟ್ಟಿನವರಿಗೆಲ್ಲ ಗೊತ್ತಿರುವ ಉಪಾಯ ಅದು. ಸೂಜಿಯ ತಲೆಯ ಮೇಲೆ ನಾಲ್ಕಾಣೆ ಇಟ್ಟರೆ ಭಾರಕ್ಕೆ ಸೂಜಿ ಹಾರದೆ ಗೀರನ್ನು ಉತ್ತುಕೊಂಡು ಹೋಗುತ್ತದೆ. ಆದರೆ ರೆಕಾರ್ಡಿನ ತಟ್ಟೆಯೂ ಉಳುಮೆಯಾಗಿ ಹಾಳಾಗುತ್ತದೆ. ಗಾದ್ರಪ್ಪ ಗೋಡೆಗೆ ಒರಗಿಸಿದ್ದ, ಗೊರಗೊರ ಅನ್ನುವ ತನ್ನ ಹಳೆಯ ಆಂಪ್ಲಿಫೈಯರ್ ನೋಡಿದ. ಆಸೆ ಯಾರಪ್ಪನ ಮನೆಯದು? ಅವನಿಗೂ ಇತ್ತು.

"ಒಂದೇ ಸಲ ಬರಾದು ನಾಗೇಂದ್ರಪ್ಪನೋರೆ. ಆಮೇಲೆ ಈ ಪ್ಲೇಟು ಭಾನುವಾರಕ್ಕೂ ಆಗಲ್ಲ, ಸೋಮವಾರಕ್ಕೂ ಆಗಲ್ಲ," ಎಂದ. ಎಂದವನು ತಾನೇ ಜೇಬಿಗೆ ಕೈ ಹಾಕಿ ನಾಲ್ಕಾಣೆ ತೆಗೆದ. ಖಾಲಿ ಕ್ಯಾಸೆಟ್ಟೊಂದನ್ನು ಟೇಪಿಗೆ ತುರುಕಿ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದ.

ಗಿಟಾರು ಏರಿತು. ಕರಕರ ಸದ್ದು ಬಂತು. ಸೂಜಿ ನಡುಗಿತು, ಆದರೆ ಹಾರಲಿಲ್ಲ. ಎಲ್ಲ ವಾದ್ಯಗಳೂ ನಿಂತವು. ಆ ಕರಕರದ ಅಡಿಯಿಂದ ಉರುಮೆ ಗುರುಗುಟ್ಟುತ್ತ ಎದ್ದಿತು. ಎಡಗಡೆ ಉಜ್ಜು, ಬಲಗಡೆ ಪೆಟ್ಟು. ನಡುವೆ ಬೈಲಪ್ಪ ಯಾವತ್ತೂ ಬಿಡುತ್ತಿದ್ದ ಒಂದು ಉಸಿರಿನಷ್ಟು ತಡ. ಇಡೀ ಹಾಡಿನಲ್ಲಿ ಜೀವವಿದ್ದದ್ದು ಇಲ್ಲೇ ಎಂದು ನಾಗೇಂದ್ರಪ್ಪನಿಗೆ ಅಂದೇ ಗೊತ್ತಿತ್ತು, ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ದುರುಗಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ಅವನೇ," ಅಂದಳು ಮೆಲ್ಲಗೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಗಾದ್ರಪ್ಪ ನಾಲ್ಕಾಣೆ ತೆಗೆದು ತಟ್ಟೆಯನ್ನು ಬೆಳಕಿಗೆ ಹಿಡಿದ. ಕಪ್ಪಿನ ಮೇಲೆ ಒಂದು ಬೆಳ್ಳನೆಯ ಪಟ್ಟೆ ಬಿದ್ದಿತ್ತು. ಅವನು ಕ್ಯಾಸೆಟ್ಟನ್ನು ದುರುಗಕ್ಕನ ಕೈಗೆ ಕೊಟ್ಟ. ಅವಳು ಅದನ್ನು ಎಲೆಯಡಿಕೆ ಚೀಲದೊಳಗೆ ಇಳಿಸಿದಳು. ಆಮೇಲೆ ಮೇಜಿನ ಮೇಲಿದ್ದ ರೆಕಾರ್ಡಿನ ಕವರನ್ನು ಕಂಡು ಎತ್ತಿಕೊಂಡಳು.

ಕವರಿನ ಮೇಲೆ ಕೆಂಪಕ್ಷರದಲ್ಲಿ ಒಂದೇ ಹೆಸರಿತ್ತು. ಅಂದು ಕಂಪನಿಯವರು ಒಂದು ಹಾಳೆ ಕೊಟ್ಟು, ಬಾರಿಸಿದವರ ಹೆಸರೆಲ್ಲ ಬರೆದುಕೊಡಿ ಎಂದಿದ್ದರು. ರಾಕ್ ಸಂಗೀತದ ತಟ್ಟೆಯ ಮೇಲೆ ಹಟ್ಟಿಯ ಉರುಮೆಯವನ ಹೆಸರು ಯಾಕೆ ಎಂದು ನಾಗೇಂದ್ರಪ್ಪನಿಗೆ ಅನ್ನಿಸಿತ್ತು. ತನ್ನ ಹೆಸರಿನ ತುದಿಯ ಅಪ್ಪನನ್ನೂ ಕಿತ್ತುಹಾಕಿ, ನಾಗೇಂದ್ರ ಎಂದಷ್ಟೇ ಬರೆದು ಕೊಟ್ಟಿದ್ದ. ಗೀರು ಆಮೇಲೆ ಬಿದ್ದದ್ದು. ಬೈಲಪ್ಪನನ್ನು ಮೊದಲು ತೆಗೆದುಹಾಕಿದವನು ಅವನೇ.

"ಇದರಾಗೆ ಅವನ ಹೆಸರು ಎಲ್ಲೈತಪ್ಪ?" ದುರುಗಕ್ಕ ಕವರನ್ನು ಅವನ ಮುಂದೆ ಹಿಡಿದಳು. "ನನಗೆ ಅಕ್ಷರ ಬರಲ್ಲ. ಬೆರಳಿಟ್ಟು ತೋರ್ಸ್ರಿ."

ಗಾದ್ರಪ್ಪ ನಾಲ್ಕನೇ ಕ್ಲಾಸು ಓದಿದವನು. ಅವನಿಗೆ ಇದ್ದಕ್ಕಿದ್ದ ಹಾಗೆ ವೈರು ಸುತ್ತುವ ಕೆಲಸ ನೆನಪಾಯಿತು. ನಿಜ ಹೇಳಬೇಕೆಂದೇ ನಾಗೇಂದ್ರಪ್ಪ ಬಾಯಿ ತೆರೆದ. ಆದರೆ ಅವಳ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಅವನು ಕೆಂಪಕ್ಷರದ ಮೇಲೆ ಬೆರಳಿಟ್ಟ.

"ಇಲ್ಲೈತಕ್ಕ."

ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡು, ಅಕ್ಷರಗಳ ಮೇಲೆ ಈ ತುದಿಯಿಂದ ಆ ತುದಿಗೆ ಆಡಿಸಿದಳು.

"ಇಷ್ಟು ದಪ್ಪಕ್ಷರದಾಗೆ ಹಾಕ್ಸೀರಲ್ಲಪ್ಪ. ನಾನೇ ತಪ್ಪು ತಿಳ್ಕಂಡು ಬಾಯಿಗೆ ಬಂದಂಗೆ ಅಂದ್ಬಿಟ್ಟೆ." ಕವರನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದಳು: "ನಿಮ್ಮದೆಲ್ಲೈತೆ?"

"ನಂದಿಲ್ಲಕ್ಕ."

"ಅಯ್ಯೋ ಪಾಪ," ಎಂದು ಅವಳು ಮನಸಾರೆ ನೊಂದುಕೊಂಡಳು. ಅಷ್ಟು ಕಷ್ಟಪಟ್ಟವರ ಹೆಸರನ್ನೇ ಬಿಟ್ಟಿದ್ದಾರಲ್ಲ, ಅವರಿಗೆ ಒಳ್ಳೆಯದಾಗುತ್ತದಾ ಎಂದು ಕಂಪನಿಯವರಿಗೆ ಶಾಪ ಹಾಕಿದಳು. ತಟ್ಟೆ ಹೇಗೂ ಹಾಳಾಯಿತು, ಈ ಕವರನ್ನು ನನಗೆ ಕೊಡು ಎಂದು ಗಾದ್ರಪ್ಪನನ್ನು ಕೇಳಿದಳು. ನಾಳೆ ಹಟ್ಟಿಯ ಸ್ಕೂಲಿನ ಮೇಷ್ಟ್ರ ಕೈಯಲ್ಲಿ ಎಲ್ಲರೆದುರು ಓದಿಸಬೇಕಂತೆ. ಮುಸಿಮುಸಿ ನಕ್ಕವರೂ ಕೇಳಬೇಕಂತೆ. ಗಾದ್ರಪ್ಪ ನಾಗೇಂದ್ರಪ್ಪನ ಕಡೆ ನೋಡಿದ. ನಾಗೇಂದ್ರಪ್ಪ ನೆಲ ನೋಡುತ್ತಿದ್ದ. ಬೇಡವೆನ್ನಲು ಇಬ್ಬರಿಗೂ ಒಂದು ನೆಪ ಹೊಳೆಯಲಿಲ್ಲ.

ಬಸ್ ಸ್ಟ್ಯಾಂಡಿಗೆ ಅವಳನ್ನು ಕಳಿಸಲು ನಾಗೇಂದ್ರಪ್ಪನೇ ಹೋದ. ದಾರಿಯುದ್ದಕ್ಕೂ, ಈಗ ಹೇಳುತ್ತೇನೆ, ಆ ಬೇವಿನಮರ ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ಅವಳು ಬೈಲಪ್ಪ ಚಿಕ್ಕವನಿದ್ದಾಗ ಮುಚ್ಚಳ, ಬೋಗುಣಿ ಬಡಿಯುತ್ತಿದ್ದದ್ದನ್ನು ಹೇಳುತ್ತಲೇ ಇದ್ದಳು. ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿ ಪಕ್ಕ ಕೂತು, ಊಟಕ್ಕೆ ನಿಲ್ಲಿಸಿಕೊಳ್ಳಲಾಗಲಿಲ್ಲ, ಇನ್ನೊಮ್ಮೆ ಹಟ್ಟಿಗೆ ಬರಬೇಕು ಎಂದಳು. ಅವನು ತಲೆಯಾಡಿಸಿದ.

ಅವಳು ಕವರನ್ನು ಮಡಿಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಳು, ಅಕ್ಷರ ಎಲ್ಲರಿಗೂ ಕಾಣುವ ಹಾಗೆ. ಪಕ್ಕದಲ್ಲಿ ಕೂತಿದ್ದ ಕನ್ನಡಕದವನೊಬ್ಬ ಕತ್ತು ಬಗ್ಗಿಸಿ ಅದನ್ನು ಓದತೊಡಗಿದ.