ಅಜ್ಜಿಯ ಮಂಚದ ಹಿಡಿಕೆ

"ಇನ್ನೊಂದ್ಸಲ ಹಿಡಿದು ನೋಡೇ. ಹಿಂದುಮುಂದಾಗಿ ಹಿಡ್ಕೊಂಡಿದೀಯೇನೋ," ಎಂದಳು ಅಮ್ಮ. ಅರ್ಧ ಮಡಿಸಿದ ಹೊದಿಕೆ ಅವಳ ತೋಳಿನ ಮೇಲೇ ಇತ್ತು.

ಮಗಳು ಮಂಚದ ಪಕ್ಕ ಮಂಡಿಯೂರಿ ಕೂತಿದ್ದಳು. ಕಾಲೇಜಿನ ವರ್ಕ್‌ಶಾಪಿನಿಂದ ಆಗಷ್ಟೇ ತಂದ ಹಿಡಿಕೆಗೆ ಇನ್ನೂ ಹಸಿ ಬಣ್ಣದ ವಾಸನೆಯಿತ್ತು. ಅಂಗೈಯಗಲದ ಕಬ್ಬಿಣದ ಪಟ್ಟಿ, ಅದರಿಂದ ಮೇಲೆದ್ದು ಬಾಗಿದ ಕೊಳವೆ. ಪಟ್ಟಿಯನ್ನು ಮಂಚದ ಹೊರಬದಿಗೆ ಬಿಗಿದರೆ ಕೊಳವೆ ಹಾಸಿಗೆಯ ಕಡೆಗೆ ಒಳಸರಿದು, ಅಜ್ಜಿಯ ಕಾಲಿನ ದಿಕ್ಕಿಗೆ ವಾಲಬೇಕಿತ್ತು. ಅದನ್ನು ಹಿಡಿದು ಮೈಯನ್ನು ಮುಂದಕ್ಕೆ ಎಳೆದುಕೊಂಡರೆ ಯಾರನ್ನೂ ಕರೆಯದೆ ಎದ್ದು ಕೂರಬಹುದಿತ್ತು. ಈಗ ಅದು ಒಳಕ್ಕೇನೋ ಸರಿಯುತ್ತಿತ್ತು. ವಾಲುತ್ತಿದ್ದುದು ಮಾತ್ರ ದಿಂಬಿನ ಕಡೆಗೆ. ತಿರುಗಿಸಿ ಹಿಡಿದಳು. ವಾಲಿದ್ದು ಸರಿಹೋಯಿತು, ಆದರೆ ಕೊಳವೆ ಹೊರಕ್ಕೆ ಚಾಚಿ, ಓಡಾಡುವವರ ಮಂಡಿಗೆ ಹೊಂಚು ಹಾಕಿದಂತೆ ನಿಂತಿತು.

ಟೇಪು ಹಿಡಿದು, ತಾನೇ ಬರೆದ ಡ್ರಾಯಿಂಗಿನ ಒಂದೊಂದು ಅಳತೆಯನ್ನೂ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲ ಅಳತೆಯೂ ಸರಿಯಿದ್ದು ಹಿಡಿಕೆ ತಪ್ಪಾಗುವುದು ಹೇಗೆ?

"ನಾನೇ ಉಲ್ಟಾ ಮಲಗ್ತಿದೀನೋ ಏನೋ," ಎಂದರು ಕುರ್ಚಿಯಲ್ಲಿದ್ದ ಅಜ್ಜಿ.

"ನೀನು ಸುಮ್ನಿರಜ್ಜಿ."

ಹಿಡಿಕೆಯನ್ನು ಬೆಸೆದವಳು ವೆಲ್ಡಿಂಗ್ ಕ್ಲಾಸಿನ ಗೆಳತಿ. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಮಗಳು ಅವಳಿಗೆ ಫೋನು ಮಾಡಿ ಆದದ್ದನ್ನು ಹೇಳಿದಳು.

"ನನ್ನ ತಲೆಗೆ ಕಟ್ಬೇಡ ಕಣೇ ಮಾರಾಯ್ತಿ," ಎಂದಳು ಕಿಡಿ. "ಸೈಡ್ ವ್ಯೂ ಎಲ್ಲಿ ಬರೆದಿದೀಯ, ನೋಡು."

"ಫ್ರಂಟ್ ವ್ಯೂನ ಬಲಗಡೆ. ಬಲಗಡೆಯಿಂದ ನೋಡಿದ್ರೆ ಕಾಣೋದನ್ನ ಬಲಗಡೆ ಬರೆದೆ."

"ಅಲ್ಲೇ ಎಡವಟ್ಟಾಗಿರೋದು. ನಮ್ಮ ಕಾಲೇಜಲ್ಲಿ ಎಡಗಡೆಯಿಂದ ಕಂಡಿದ್ದನ್ನ ಬಲಗಡೆ ಬರೀಬೇಕು. ಶೀಟಿನ ಮೂಲೇಲಿ ಗುರುತು ಹಾಕಿದಾರಲ್ಲ? ನಾನು ಅದನ್ನ ನೋಡ್ಕೊಂಡೇ ಮಾಡಿದ್ದು. ನೀನು ಯಾವುದೋ ವಿಡಿಯೋ ನೋಡಿ ಬೇರೆ ಪದ್ಧತೀಲಿ ಬರೆದಿದೀಯ. ಅದಕ್ಕೇ ಕನ್ನಡೀಲಿ ಕಂಡ ಹಾಗೆ ಬಂದಿದೆ."

"ಇನ್ನೊಂದು ಮಾಡ್ಕೊಡೇ."

"ವರ್ಕ್‌ಶಾಪಿಗೆ ಬೀಗ ಹಾಕಾಯ್ತು. ಇನ್ನು ರಜ ಮುಗಿದ್ಮೇಲೇ."

ಈ ಕೆಲಸ ಕೊಟ್ಟ ಡ್ರಾಯಿಂಗ್ ಮೇಷ್ಟ್ರು ಮೊದಲೇ ಹೇಳಿದ್ದರು: "ಕಾಗದದ ಮೇಲೆ ಎಲ್ಲಾನೂ ಕೂರತ್ತೆ. ಮಾಡಿದ್ದು ಮನೇಲಿ ಸರಿಯಾಗಿ ಕೂತಿರೋ ಫೋಟೋ ತನ್ನಿ." ರಜಕ್ಕೆ ಮುಂಚಿನ ಕೊನೆಯ ದಿನ ನಾಳೆಯೇ; ಬೆಳಿಗ್ಗೆ ಆ ಫೋಟೋ ತೋರಿಸದಿದ್ದರೆ ಎರಡನೆಯ ವರ್ಷಕ್ಕೆ ಹೋಗುವ ಹಾಗಿರಲಿಲ್ಲ. ಮತ್ತೆ ಮೊದಲ ವರ್ಷದ ಬೆಂಚೇ ಗತಿ. ಮಗಳು ಹಿಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ತನ್ನ ಎಡಗೈಯನ್ನೊಮ್ಮೆ, ಬಲಗೈಯನ್ನೊಮ್ಮೆ ನೋಡಿಕೊಂಡಳು. ಯಾವ ಪದ್ಧತಿ ಯಾವುದೆಂದು ಅವಳ ತಲೆಗೆ ಈಗಲೂ ಹೋಗಿರಲಿಲ್ಲ.

"ಅಷ್ಟಕ್ಕೆಲ್ಲ ಯಾಕೇ ಮುಖ ಸಣ್ಣ ಮಾಡ್ತೀಯ? ದಿಂಬು ಆ ಕಡೆ ಹಾಕಿ," ಎಂದರು ಅಜ್ಜಿ. "ತಲೆ ಇದ್ದಲ್ಲಿ ಕಾಲು, ಕಾಲಿದ್ದಲ್ಲಿ ತಲೆ. ನಿನ್ನ ಹಿಡಿಕೆ ತಾನಾಗೇ ಸರಿಹೋಗತ್ತೆ."

ಅಮ್ಮ ಹೊದಿಕೆ ಮಡಿಸುವುದನ್ನು ನಿಲ್ಲಿಸಿದಳು. "ಬಾಗಿಲು ಕಾಣಲ್ವಲ್ಲ ಅತ್ತೆ, ನಿಮಗೆ."

ಬೀದಿಬಾಗಿಲು ಕಾಣುವ ಹಾಗೆ ಮಲಗಿಯೇ ಅಜ್ಜಿ ಮನೆಯ ರಾಜ್ಯಭಾರ ನಡೆಸುತ್ತಿದ್ದುದು. ಯಾರು ಬಂದರು, ಯಾರು ಛತ್ರಿ ಮರೆತರು, ಯಾರ ಮುಖ ಇಳಿದಿದೆ, ಎಲ್ಲವೂ ಅವರಿಗೆ ಮೊದಲು ಗೊತ್ತಾಗುತ್ತಿತ್ತು.

"ನೋಡಿದ್ದೇ ನೋಡಿ ಸಾಕಾಗಿದೆ," ಎಂದರು ಅಜ್ಜಿ. "ಗೋಡೆ ಏನು ಹೇಳತ್ತೋ ಅದನ್ನೂ ಕೇಳೋಣ."

ದಿಂಬು ಮಂಚದ ಇನ್ನೊಂದು ತುದಿಗೆ ಹೋಯಿತು. ಮಗಳು ರಂಧ್ರ ಕೊರೆದು ಬೋಲ್ಟು ಬಿಗಿದಳು. ಅಜ್ಜಿ ಮಲಗಿ, ಹಿಡಿಕೆ ಹಿಡಿದು, ಹಲ್ಲು ಕಚ್ಚಿ ಎಳೆದುಕೊಂಡು ಎದ್ದು ಕೂತೇಬಿಟ್ಟರು. "ನೋಡಿದ್ರಾ! ಯಾರ ಹಂಗೂ ಬೇಡ ನನಗೆ!" ಎಂದು ನಕ್ಕರು. ದಿಂಬು ಬದಲಾದದ್ದು ತಿಳಿಯದ ಹಾಗೆ, ಹಿಡಿಕೆಯೂ ಅದನ್ನು ಹಿಡಿದ ಕೈಯೂ ಮಾತ್ರ ಕಾಣುವಂತೆ ಮಗಳು ಹತ್ತಿರದಿಂದ ಫೋಟೋ ತೆಗೆದಳು.

ಊಟಕ್ಕೆ ಮೊದಲು ಅವಳು ಡ್ರಾಯಿಂಗನ್ನು ಕಾಲೇಜಿನ ಪದ್ಧತಿಯಲ್ಲೇ ಮತ್ತೆ ಬರೆಯಲು ಹೊಸ ಶೀಟು ಹಾಸಿ ಕೂತಳು. ಬೆಂಕಿಪೊಟ್ಟಣವೊಂದನ್ನು ಎದುರಿಗಿಟ್ಟು ಬಲಕ್ಕೆ ಹೊರಳಿಸಿದಳು, ಎಡಕ್ಕೆ ಹೊರಳಿಸಿದಳು, ಬರೆದಳು, ಅಳಿಸಿದಳು. ಕೊನೆಗೆ ಸೈಡ್ ವ್ಯೂ ಎಡಗಡೆಗೆ ಬಂತು. ಸರಿಯೆನಿಸಿತು. ಪೊಟ್ಟಣವನ್ನು ಇನ್ನೊಮ್ಮೆ ಹೊರಳಿಸಿದಾಗ ಮತ್ತೆ ಅನುಮಾನ.

"ಏಳೇ, ಬೆಂಕಿಪೊಟ್ಟಣ ಕೊಡು. ಒಲೆ ಹಚ್ಬೇಕು," ಎಂದಳು ಅಮ್ಮ.

ಬೆಳಿಗ್ಗೆ ಹಳೆಯ ಶೀಟು, ಹೊಸ ಶೀಟು ಎರಡನ್ನೂ ಸುರುಳಿ ಸುತ್ತಿ ಹೆಗಲಿಗೇರಿಸಿದಳು. ಯಾವುದನ್ನು ಮೇಷ್ಟ್ರ ಮುಂದೆ ಬಿಚ್ಚುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಎಂದಿನಂತೆ ಬಾಗಿಲಿನಿಂದಲೇ ಕೂಗಿದಳು: "ಅಜ್ಜೀ, ಹೋಗ್ಬರ್ತೀನಿ!"

ಹಿಡಿಕೆ ಹಿಡಿದು ಎದ್ದು ಕೂತಿದ್ದ ಅಜ್ಜಿ ಎಂದಿನಂತೆ ನೇರ ಎದುರಿಗೆ ಕೈಯೆತ್ತಿ ಬೀಸಿದರು. ಎದುರಿಗಿದ್ದದ್ದು ಗೋಡೆ.

ಮಗಳು ಹೊಸ್ತಿಲಲ್ಲೇ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಕಾಲ್ದೆಸೆಗೂ ಗೋಡೆಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ಅಡ್ಡಡ್ಡಲಾಗಿ ತೂರಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಅಯ್ಯೋ, ಯಾವ ಕಡೆಯಿಂದ ಬಂದ್ಯೇ ನೀನು?" ಎಂದರು ಅಜ್ಜಿ. ಬೀಸಿದ ಕೈ ಇನ್ನೂ ಮೇಲೆಯೇ ಇತ್ತು.

"ಹಾಗೇ ಇರಜ್ಜಿ. ಕೈ ಇಳಿಸ್ಬೇಡ."

ಅವಳು ಫೋನು ಎತ್ತಿ ಇನ್ನೊಂದು ಫೋಟೋ ತೆಗೆದಳು. ಈ ಸಲ ಅಜ್ಜಿ ಇದ್ದರು, ಹಿಡಿಕೆ ಇತ್ತು, ಅಜ್ಜಿಯ ಬೆನ್ನ ಹಿಂದೆ ತೆರೆದ ಬಾಗಿಲಿತ್ತು. ಹೊಸ್ತಿಲ ಬಳಿ ಅವಳು ಬಿಟ್ಟುಬಂದ ಚಪ್ಪಲಿಗಳಿದ್ದವು, ಅವಸರದಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.