ಕೆಂಪು ಚೀಟಿಯ ಊಟ

"ಈ ಜನಕ್ಕೆ ದೇವರು ನಾಲಿಗೆ ಅಂತ ಒಂದನ್ನ ಯಾಕಾದ್ರೂ ಕೊಟ್ಟ?"

ಗಾರ್ತ್ ಪೆಲ್ಹಮ್ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಇದ್ದದ್ದು ಅವನು, ಕಿರ್ರೆನ್ನುವ ಫ್ಯಾನು, ಬಾಗಿಲ ಹಿಂದೆ ತೂಗುಬಿಟ್ಟ ರೇನ್‌ಕೋಟು. ಕೈಯಲ್ಲಿ ಫೋನಿತ್ತು. ಫೋನಿನೊಳಗೆ ತೈನಾನ್ ಊರಿನಲ್ಲಿರುವ ಪರದೇಶಿಗಳೆಲ್ಲ ಸೇರಿ ಮಾಡಿಕೊಂಡ ಗುಂಪಿತ್ತು. ಬಂದು ಮೂರು ವಾರವೂ ಆಗದ ಒಬ್ಬ ಹೊಸಬ ಅಲ್ಲಿ ಕೇಳಿದ್ದ: ಕಡಿಮೆ ದುಡ್ಡಿಗೆ, ಊರಿನವರೇ ಉಣ್ಣುವಂಥ, ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?

ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ಹನ್ನೊಂದು ವರ್ಷಗಳಿಂದ ಗಾರ್ತನದು. ಕೆನಡಾದಿಂದ ಇಂಗ್ಲಿಷ್ ಕಲಿಸಲು ಬಂದವನು, ಇಂಗ್ಲಿಷಿಗಿಂತ ಹೆಚ್ಚಾಗಿ ಕಲಿಸಿದ್ದು ಊಟ ಮಾಡುವುದನ್ನು. ಯಾವ ಗಲ್ಲಿಯಲ್ಲಿ ಯಾವ ಮುದುಕ ಎಷ್ಟು ಗಂಟೆಗೆ ದನದ ಮಾಂಸದ ಸಾರು ಇಳಿಸುತ್ತಾನೆ, ಯಾವ ಅಂಗಡಿಯಲ್ಲಿ ಬೆಳ್ಳುಳ್ಳಿ ಕೇಳಬಾರದು, ಯಾವ ಸೋಮವಾರ ಯಾರು ಬಾಗಿಲು ಹಾಕುತ್ತಾರೆ, ಇದೆಲ್ಲ ಅವನ ಬಾಯಿಪಾಠ. ಅವನು ತಿಂದು ತಲೆಯಾಡಿಸಿದರೆ ಪರದೇಶಿಗಳು ಸ್ಕೂಟರ್ ಹತ್ತುತ್ತಿದ್ದರು. ಮೂಗು ಮುರಿದರೆ ಆ ರಸ್ತೆಗೇ ಹೋಗುತ್ತಿರಲಿಲ್ಲ. ಹೆಂಡತಿ ಬಿಟ್ಟುಹೋಗಿದ್ದಳು, ಶಾಲೆಗಳು ನಾಲ್ಕು ಬದಲಾಗಿದ್ದವು, ಉಳಿದಿದ್ದದ್ದು ಇದೊಂದು ಪಟ್ಟ.

ಈ ಸಲ ಅವನಿಗಿಂತ ಮೊದಲು ಮರೈಕೆ ಉತ್ತರ ಕೊಟ್ಟುಬಿಟ್ಟಿದ್ದಳು. ಡಚ್ಚರ ಹುಡುಗಿ, ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಊರಿಗೆ ಬಂದು ಬರೀ ಎರಡು ವರ್ಷ. ಹನ್ನೆರಡು ಅಂಗಡಿಗಳ ಹೆಸರು ಬರೆದು, ಕೊನೆಗೊಂದು ಸಾಲು ಸೇರಿಸಿದ್ದಳು: 'ಗಾರ್ತ್ ಅವರ ಪಟ್ಟಿ ಹಳೆಯದು. ಅದರಲ್ಲಿ ನಾಲ್ಕು ಅಂಗಡಿ ಮುಚ್ಚಿವೆ. ಒಂದರ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು.'

ಅದರ ಕೆಳಗೆ ಇಪ್ಪತ್ತಾರು ಜನ ನಕ್ಕಿದ್ದರು.

ಗಾರ್ತ್ ಎದ್ದು ಎರಡು ಸುತ್ತು ತಿರುಗಿದ. ಆಮೇಲೆ, ಏಳು ವರ್ಷದಿಂದ ಹೊಟ್ಟೆಯೊಳಗೆ ಬಚ್ಚಿಟ್ಟಿದ್ದ ಗುಟ್ಟನ್ನು ಹೊರಗೆ ತೆಗೆದ. 'ನಾಳೆ ಹನ್ನೊಂದೂವರೆಗೆ ಸಮುದ್ರದಮ್ಮನ ಗುಡಿಯ ಎದುರು ಬನ್ನಿ,' ಎಂದು ಬರೆದ. 'ಮೂವತ್ತೈದು ಡಾಲರಿಗೆ ಅನ್ನ, ಮೊಟ್ಟೆ, ಸೊಪ್ಪು, ಮೀನಿನ ಸಾರು. ಹೌದು, ಮೂವತ್ತೈದೇ. ಊರಿನವರಿಗೆ ಮಾತ್ರ ಗೊತ್ತಿರುವ ಪದ್ಧತಿ. ಮರೈಕೆಯೂ ಬರಲಿ, ಕಲಿಯಲಿ.'

ಇಲ್ಲಿನ ಮೂವತ್ತೈದು ಡಾಲರಿಗೆ ರಸ್ತೆಬದಿಯ ಅಂಗಡಿಯಲ್ಲಿ ಒಂದು ಕಾಫಿ ಬಂದರೆ ಹೆಚ್ಚು. ಹಾಗಾಗಿ ಆರು ಜನ ಬರುತ್ತೇವೆಂದರು.

ಆ ಗುಟ್ಟು ಸಿಕ್ಕಿದ ದಿನವನ್ನು ಗಾರ್ತ್ ಹಲವರಿಗೆ ಅಂಗಡಿಯ ಹೆಸರು ಬಿಟ್ಟು ಹೇಳಿದ್ದ. ಬಿರುಗಾಳಿಯ ಮಾರನೆಯ ದಿನ. ಅವನಿದ್ದ ಟ್ಯೂಷನ್ ಶಾಲೆ ಹೇಳದೆ ಕೇಳದೆ ಬಾಗಿಲು ಹಾಕಿಕೊಂಡಿತ್ತು. ಕಿತ್ತುಹೋದ ಚಪ್ಪಲಿಯಲ್ಲಿ, ಒದ್ದೆ ಅಂಗಿಯಲ್ಲಿ, ಗುಡಿಯ ಎದುರಿನ ಊಟದಂಗಡಿಯ ತಗಡಿನ ಮಾಡಿನ ಕೆಳಗೆ ನಿಂತಿದ್ದ. ಅವನ ಮುಂದೆ ಒಬ್ಬ ಮುದುಕ ಬಾಗಿಲ ಪಕ್ಕದ ಹಲಗೆಯಿಂದ ಒಂದು ಕೆಂಪು ಚೀಟಿ ಕಿತ್ತು ಅಂಗಡಿಯ ಹೆಂಗಸಿನ ಕೈಗಿಟ್ಟ. ಅವಳು ತಟ್ಟೆ ತುಂಬ ಬಡಿಸಿದಳು. ಗಾರ್ತನ ಕಣ್ಣು ಚುರುಕು. ತಾನೂ ಒಂದು ಚೀಟಿ ಕಿತ್ತು ಕೊಟ್ಟ. ಅವಳು ಅವನ ಮುಖ ನೋಡಿದಳು, ಅಂಗಿ ನೋಡಿದಳು, ಚಪ್ಪಲಿಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಕೂತ್ಕೊಳ್ಳಿ ಮೇಷ್ಟ್ರೇ," ಅಂದಳು. ಮೇಷ್ಟ್ರು ಅಂತ ಅವಳಿಗೆ ಹೇಗೆ ಗೊತ್ತಾಯಿತು ಎಂದು ಅವನು ಬೆರಗಾದ. ಬೆಳ್ಳಗಿರುವವರನ್ನೆಲ್ಲ ಅವಳು ಮೇಷ್ಟ್ರೇ ಅನ್ನುತ್ತಿದ್ದಳು.

ಸೋಯಾ ರಸದಲ್ಲಿ ಬೆಂದ ಹಂದಿಮಾಂಸ ಸುರಿದ ಅನ್ನ ಬಂತು. ಅದರ ಮೇಲೆ ಕಂದುಬಣ್ಣದ ಮೊಟ್ಟೆ, ಪಕ್ಕದಲ್ಲಿ ಗೆಣಸಿನ ಸೊಪ್ಪಿನ ಪಲ್ಯ, ಶುಂಠಿಯ ಘಮದ ಹೂಮೀನಿನ ಸಾರು. ಗೋಡೆಯ ಮೇಲೆ ಬರೆದ ದರಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮೂವತ್ತೈದು. ಅಷ್ಟನ್ನು ಅವನು ಮೇಜಿನ ಮೇಲಿಟ್ಟ. ಅವಳು ಒಂದು ಗಳಿಗೆ ತಡೆದು, ನಾಣ್ಯಗಳನ್ನು ಬಿದಿರಿನ ಕೊಳವೆಯೊಳಗೆ ಹಾಕಿದಳು. ಅವತ್ತಿನಿಂದ ಗಾರ್ತ್ ಆ ಊರಿನವನಾದ. ಪಕ್ಕದ ಮೇಜಿನವರು ನೂರಹತ್ತು ಕೊಟ್ಟು ಅದನ್ನೇ ಉಣ್ಣುವುದನ್ನು ಕಂಡಾಗ, 'ರಾಜಧಾನಿ ತೈಪೆಯಿಂದ ಬಂದವರಿರಬೇಕು, ಪಾಪ, ಪದ್ಧತಿ ಗೊತ್ತಿಲ್ಲ' ಎಂದು ಮರುಗುತ್ತಿದ್ದ.

ಅವನಿಗೆ ಚೀನಿ ಮಾತು ಸರಾಗ. ಅಕ್ಷರ ಮಾತ್ರ ಒಂದೂ ಬಾರದು. ಕಲಿಯುವ ಅಗತ್ಯ ಕಂಡಿರಲಿಲ್ಲ, ನಾಲಿಗೆಯೇ ಎಲ್ಲವನ್ನೂ ಓದುತ್ತಿರುವಾಗ.

ಮರುದಿನ ಹನ್ನೊಂದೂವರೆಗೆ ಗುಡಿಯ ಅಂಗಳದಲ್ಲಿ ಊದಿನಕಡ್ಡಿಯ ಹೊಗೆ, ರಸ್ತೆಯಲ್ಲಿ ಸ್ಕೂಟರುಗಳ ಹೊಗೆ. ಆರು ಜನವೂ ಬಂದರು. ಗಾರ್ತ್ ಮದುವೆಮನೆಯ ಯಜಮಾನನ ಹಾಗೆ ಬಾಗಿಲಲ್ಲಿ ನಿಂತ.

"ಮೊದಲು ಚೀಟಿ!" ಅಂದ. "ಚೀಟಿ ಇಲ್ದೆ ಕೂತ್ರೆ ಪ್ರವಾಸಿಗಳು ಅಂದ್ಕೋತಾರೆ. ಯಾವ ಪುಸ್ತಕದಲ್ಲೂ ಇದನ್ನ ಬರೆದಿಲ್ಲ, ಬೇಕಾದ್ರೆ ಹುಡುಕಿ."

ಹಲಗೆಯ ಮೇಲೆ ಆರೇ ಚೀಟಿಗಳಿದ್ದವು. ಒಂದನ್ನು ತಾನು ಇಟ್ಟುಕೊಂಡು ಐದನ್ನು ಪ್ರಸಾದದಂತೆ ಹಂಚಿದ. ಮರೈಕೆಗೆ ಸಾಲದಾಯಿತು. ಅದರಿಂದ ಅವನಿಗೇನೂ ಬೇಸರವಾಗಲಿಲ್ಲ.

ಅವಳು ಖಾಲಿ ಹಲಗೆಯ ತಲೆಬರಹ ನೋಡುತ್ತ ನಿಂತಳು. "ಗಾರ್ತ್, ಇಲ್ಲಿ ಬನ್ನಿ ಸ್ವಲ್ಪ. ಇಲ್ಲೇನು ಬರೆದಿದೆ ಗೊತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಊಟದ ಚೀಟಿ ಅಂತ. ಇನ್ನೇನು, ಲಾಟರಿ ಅಂತಿರುತ್ತಾ?"

"ಹಾಗಲ್ಲ. ಒಂದು ನಿಮಿಷ ಆಚೆ ಬನ್ನಿ, ಹೇಳ್ತೀನಿ."

"ಅಮ್ಮಾ ತಾಯಿ, ಎಲ್ರ ಎದುರಿಗೇ ಹೇಳು," ಗಾರ್ತ್ ದನಿ ಏರಿಸಿದ. "ನೀನು ಬಂದು ಎರಡು ವರ್ಷ. ನಾನಿಲ್ಲಿ ಏಳು ವರ್ಷದಿಂದ ದಿನಾ ಉಣ್ತಿದ್ದೀನಿ. ಈ ಅಂಗಡಿ ಚಿಕ್ಕಮ್ಮನಿಗೆ ನಾನು ಅಂದ್ರೆ ಪ್ರಾಣ. ಕೇಳದೇನೇ ಮೊಟ್ಟೆ ಹಾಕ್ತಾರೆ. ನಿನಗೆ ಯಾರಾದ್ರೂ ಹಾಕಿದ್ದಾರಾ?"

"ಇಲ್ಲ," ಅಂದಳು ಮರೈಕೆ. ಅಷ್ಟೇ ಅಂದು, ಒಳಗೆ ಹೋಗಿ ಒಂದೊಂದನ್ನೂ ಹೆಸರು ಹಿಡಿದು ಕೇಳಿ, ನೂರಹತ್ತು ಕೊಟ್ಟಳು.

"ನೋಡಿ, ನೋಡಿ," ಗಾರ್ತ್ ಉಳಿದವರಿಗೆ ಕಣ್ಣು ಹೊಡೆದ. "ಪ್ರವಾಸಿಗಳ ದರ."

ಅಂಗಡಿಯ ಹೆಂಗಸು ಲಿಯೆನ್. ಅರವತ್ತು ದಾಟಿದವಳು, ಮಾತು ಕಡಿಮೆ, ಕೈ ದೊಡ್ಡದು. ಆರು ಕೆಂಪು ಚೀಟಿಗಳು ಒಟ್ಟಿಗೆ ಕೈಗೆ ಬಂದಾಗ ಅವಳು ಅವನ್ನು ಇಸ್ಪೀಟಿನೆಲೆಗಳ ಹಾಗೆ ಹರಡಿ ನೋಡಿದಳು. ಆಮೇಲೆ ಆ ಐದು ಹೊಸ ಮುಖಗಳನ್ನು ನೋಡಿದಳು. ಒಬ್ಬನ ಕೈಯಲ್ಲಿ ಬಡಿಯುವ ಹೃದಯವನ್ನೂ ಎಣಿಸುವ ಗಡಿಯಾರವಿತ್ತು, ಇನ್ನೊಬ್ಬಳ ಕಾಲಲ್ಲಿದ್ದ ಬೂಟಿನ ದುಡ್ಡಿಗೆ ಈ ಅಂಗಡಿಯ ಒಲೆಯೇ ಬರುತ್ತಿತ್ತು. ಲಿಯೆನ್ ತುಟಿ ಬಿಗಿದು ಆರು ಬಟ್ಟಲು ಬಡಿಸಿದಳು. ಒಂದರಲ್ಲೂ ಮೊಟ್ಟೆ ಕಡಿಮೆ ಮಾಡಲಿಲ್ಲ.

ಊಟ ಸೊಗಸಾಗಿತ್ತು. ಹೊಗಳಿಕೆ ಅದಕ್ಕಿಂತ ಸೊಗಸಾಗಿತ್ತು. "ಗಾರ್ತ್, ನೀನು ದೇವರಪ್ಪಾ," ಎಂದ ಗಡಿಯಾರದವನು. ಗಾರ್ತ್ ಸಾರಿನ ಬಟ್ಟಲೆತ್ತಿ, ಅದೇನೂ ದೊಡ್ಡದಲ್ಲ ಎಂಬಂತೆ ಒಂದು ಗುಟುಕು ಕುಡಿದ. ಏಳು ವರ್ಷದಲ್ಲಿ ಆ ಸಾರು ಅಷ್ಟು ರುಚಿಯಾಗಿದ್ದದ್ದು ಅವತ್ತೇ.

ಆಗ ಹೊರಗೆ ಗಾಲಿಯ ಸದ್ದಾಯಿತು. ಕೈಗಾಡಿಯ ತುಂಬ ರಟ್ಟಿನ ಪೆಟ್ಟಿಗೆಗಳನ್ನು ಒತ್ತಿ ಕಟ್ಟಿಕೊಂಡು ಹ್ವಾ ಅಜ್ಜಿ ಬಂದಳು. ಎಂಬತ್ತನಾಲ್ಕು ವರ್ಷ. ಬೀದಿಬೀದಿಯ ರಟ್ಟು ಆಯ್ದು ತೂಕಕ್ಕೆ ಹಾಕುವವಳು. ಗಾಡಿ ನಿಲ್ಲಿಸಿ, ಬೆವರು ಒರೆಸಿ, ರೂಢಿಯಂತೆ ಹಲಗೆಗೆ ಕೈ ಚಾಚಿದಳು. ಬೆರಳು ಬರೀ ಗುಂಡುಪಿನ್ನುಗಳ ಮೇಲೆ ಓಡಾಡಿತು. ಇಲ್ಲವೆಂದು ತಿಳಿದ ಮೇಲೂ ಒಮ್ಮೆ ಹಲಗೆಯ ಹಿಂದೆ ಇಣುಕಿ ನೋಡಿದಳು. ಗಾಡಿಯ ಹಿಡಿಗೆ ಮತ್ತೆ ಕೈ ಹಾಕಿದಳು.

"ಅಜ್ಜೀ, ಎಲ್ಲಿಗೆ?" ಲಿಯೆನ್ ಸೌಟು ಬಿಟ್ಟು ಓಡಿಬಂದಳು. "ಒಳಗೆ ಬನ್ನಿ. ಇವತ್ತು ಚೀಟಿ ಬೇಡ."

"ಬೇಡ ಕಣಮ್ಮ. ಇಲ್ಲ ಅಂದ್ರೆ ಇಲ್ಲ. ನಾಳೆ ಬರ್ತೀನಿ."

"ಬನ್ನಿ ಅಂದ್ನಲ್ಲ! ಅನ್ನ ಆರೋಗುತ್ತೆ."

ಅಜ್ಜಿ ಒಳಗೆ ಬಂದವಳು ಉದ್ದನೆಯ ಮೇಜಿನ ಮುಂದೆ ನಿಂತುಬಿಟ್ಟಳು. ಸಾಲಾಗಿ ಕೂತ ಪರದೇಶಿಗಳನ್ನೂ ಅವರ ಮುಂದಿನ ಬಟ್ಟಲುಗಳನ್ನೂ ಬಟ್ಟಲ ಪಕ್ಕ ಲಿಯೆನ್ ಇಟ್ಟಿದ್ದ ಕೆಂಪು ಚೀಟಿಗಳನ್ನೂ ಒಂದೊಂದಾಗಿ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಅಯ್ಯೋ ಪಾಪವೇ," ಅಂದಳು. "ಇಷ್ಟೊಂದು ಜನಕ್ಕೆ ಒಟ್ಟಿಗೇ ಕೆಲಸ ಹೋಯ್ತಾ? ಈ ಮೇಷ್ಟ್ರು ಒಬ್ರೇ ಅಂದ್ಕೊಂಡಿದ್ದೆ. ಏಳು ವರ್ಷದಿಂದ ನನ್ನ ಜೊತೇಲೇ ಚೀಟಿ ತಗೋತಾರೆ. ಇನ್ನೂ ಏನೂ ಸಿಕ್ಕಿಲ್ವೇನಪ್ಪಾ?" ತನ್ನ ಬಟ್ಟಲು ಬಂದದ್ದೇ ತಡ, ಮೊಟ್ಟೆಯನ್ನು ಊಟದ ಕಡ್ಡಿಯಲ್ಲಿ ಎರಡು ಹೋಳು ಮಾಡಿ ಒಂದನ್ನು ಗಾರ್ತನ ಅನ್ನದ ಮೇಲಿಟ್ಟಳು. "ತಿನ್ನಿ. ನನಗೆ ವಯಸ್ಸಾಯ್ತು. ನೀವು ಗಟ್ಟಿ ಇದ್ರೆ ಏನಾದ್ರೂ ಕೆಲಸ ಹುಡುಕಬಹುದು."

ಗಾರ್ತನಿಗೆ ಮಾತೆಲ್ಲ ಅರ್ಥವಾಯಿತು. ಅರ್ಥವಾಗದವರು ಮರೈಕೆಯ ಕಡೆ ತಿರುಗಿದರು. "ಏನಂತೆ? ಅಜ್ಜಿ ಯಾಕೆ ಅಳ್ತಿದ್ದಾರೆ?"

ಮರೈಕೆ ಗಾರ್ತನ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ್ದರೆ ಬಹುಶಃ ಸುಮ್ಮನಿರುತ್ತಿದ್ದಳು. ಅವನು ಅನ್ನದ ಅಗುಳುಗಳನ್ನು ಲೆಕ್ಕ ಹಾಕುವಂತೆ ಬಟ್ಟಲೊಳಗೆ ಕಣ್ಣಿಟ್ಟಿದ್ದ. ಅವಳು ಹೇಳಿದಳು. ಊಟ ಮುಗಿಸಿದವರು, ಕೈಲಾದವರು, ಇನ್ನೊಂದು ಊಟದ ದುಡ್ಡನ್ನು ಮುಂಗಡವಾಗಿ ಆ ಬಿದಿರಿನ ಕೊಳವೆಗೆ ಹಾಕಿ ಹೋಗುತ್ತಾರೆ. ಪ್ರತಿ ಊಟಕ್ಕೂ ಒಂದು ಕೆಂಪು ಚೀಟಿ. ಊಟಕ್ಕಿಲ್ಲದವರು ಯಾರನ್ನೂ ಕೇಳದೆ, ತಲೆ ತಗ್ಗಿಸದೆ, ಚೀಟಿ ಕಿತ್ತುಕೊಂಡು ಉಣ್ಣಬಹುದು. ಯಾಕೆ ಏನು ಅಂತ ಯಾರೂ ವಿಚಾರಿಸುವಂತಿಲ್ಲ. ಹಲಗೆಯ ಮೇಲೆ ಬರೆದಿರುವುದು ಅಷ್ಟೇ.

ಐದು ಜನರ ಕಡ್ಡಿಗಳು ಒಟ್ಟಿಗೆ ಕೆಳಗಿಳಿದವು. ಗಡಿಯಾರದವನು, ಈಗಷ್ಟೇ ಗಾರ್ತನನ್ನು ದೇವರು ಅಂದವನು, ಆ ದೇವರು ಇರುವ ಕಡೆ ಬಿಟ್ಟು ಉಳಿದೆಲ್ಲ ಕಡೆ ನೋಡಿದ. ಒಬ್ಬೊಬ್ಬರೇ ಎದ್ದು ಲಿಯೆನ್‌ಳ ಕೊಳವೆಗೆ ನೋಟು ತುರುಕಿ, ಅಜ್ಜಿಗೆ ತಲೆಬಾಗಿ, ಹೊರಟುಹೋದರು. ಮೊಟ್ಟೆಯ ಅರ್ಧ ಹೋಳು ಗಾರ್ತನ ಅನ್ನದ ಮೇಲೆ ಹಾಗೇ ಕೂತಿತ್ತು. ಅಜ್ಜಿ ನೋಡುತ್ತಿದ್ದಳು, ಹಾಗಾಗಿ ತಿನ್ನಲೇಬೇಕಾಯಿತು.

ಸಂಜೆಯೊಳಗೆ ಫೋನಿನ ಗುಂಪಿನಲ್ಲಿ ಅವನ ಪಟ್ಟಿಗೆ ಹೊಸ ಹೆಸರು ಬಿದ್ದಿತ್ತು: 'ಗಾರ್ತ್ ಹೇಳಿದ ಗಂಜಿಕೇಂದ್ರಗಳು.' ಮರೈಕೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಬೆಳಿಗ್ಗೆ ಎಂಟಕ್ಕೆ ಗಾರ್ತ್ ಅಂಗಡಿಯ ಮುಂದಿದ್ದ. ಒಲೆ ಹೊತ್ತಿರಲಿಲ್ಲ. ಲಿಯೆನ್ ಮಣೆಯ ಮೇಲೆ ಕೂತು ಗೆಣಸಿನ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ, ಗುಡಿಯೊಳಗೆ, ಹೊಗೆಗೆ ಕಪ್ಪಾದ ಮುಖದ ಸಮುದ್ರದಮ್ಮ ಮಾಝು ಕಣ್ಣು ಅರೆಮುಚ್ಚಿ ಕೂತಿದ್ದಳು.

"ಚಿಕ್ಕಮ್ಮ, ಏಳು ವರ್ಷ ನೀವು ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಚೀಟಿ ತಗೊಂಡವರನ್ನ ಕೇಳೋ ಹಾಗಿಲ್ಲ." ಅವಳು ದಂಟು ಮುರಿದಳು. "ಮೂರನೇ ದಿನ ಎದುರಿನ ಗುಡೀಲಿ ಅಮ್ಮನ್ನ ಕೇಳ್ದೆ. ಉಣ್ಣಲಿ ಅಂದ್ಲು. ನಿಮ್ಮಿಂದ ಬೇರೆಯವರಿಗೆ ಕಡಿಮೆಯಾಗಬಾರದು ಅಂತ ದಿನಾ ಬೆಳಿಗ್ಗೆ ನಾನೇ ಒಂದು ಜಾಸ್ತಿ ಚುಚ್ಚಿಡ್ತಿದ್ದೆ. ನೀವು ಆರು ಕೀಳ್ತೀರಿ ಅಂತ ಅಂದ್ಕೊಂಡಿರಲಿಲ್ಲ."

ಗಾರ್ತ್ ಚೀಲದಿಂದ ದಪ್ಪನೆಯ ಲಕೋಟೆ ತೆಗೆದ. "ನೂರು ಊಟದ್ದು."

"ಒಳ್ಳೇದಾಯ್ತು," ಎಂದು ಅವಳು ಲಕೋಟೆಯನ್ನು ಮಡಿಲಿಗೆ ಹಾಕಿಕೊಂಡಳು. ಬೇಡ ಅನ್ನಲಿಲ್ಲ, ಯಾಕಿಷ್ಟು ಅನ್ನಲಿಲ್ಲ. ಅವನು ಸ್ವಲ್ಪ ಉಪಚಾರ ನಿರೀಕ್ಷಿಸಿದ್ದ.

"ಒಂದು ಸಣ್ಣ ಸಹಾಯ," ಗಾರ್ತ್ ಫೋನು ತೆಗೆದು ಅವಳ ಮುಖಕ್ಕೆ ಹಿಡಿದ. "ಎರಡೇ ಮಾತು. 'ಈ ಮೇಷ್ಟ್ರು ನಮ್ಮನೆಯವರಿದ್ದ ಹಾಗೆ. ನಾನೇ ಪ್ರೀತಿಯಿಂದ ಚೀಟಿ ತಗೊಳ್ಳಿ ಅಂದಿದ್ದೆ.' ಅಷ್ಟು ಹೇಳಿಬಿಡಿ, ಗುಂಪಿಗೆ ಕಳಿಸ್ತೀನಿ. ನನ್ನ ಮಾನ ಉಳಿಯುತ್ತೆ."

"ನಾನು ಹಾಗೆ ಅಂದಿಲ್ಲವಲ್ಲ."

"ಅಂದಿಲ್ಲ, ಸರಿ. ಪ್ರೀತಿ ಇತ್ತು ತಾನೆ?"

ಲಿಯೆನ್ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಕನಿಕರ ಇತ್ತು," ಅಂದಳು.

"ಹಾಗಾದ್ರೆ ಅಮ್ಮನ್ನೇ ಕೇಳಿ!" ಗಾರ್ತ್ ಗುಡಿಯ ಕಡೆ ಕೈ ಮಾಡಿದ. "ನನಗೂ ಪದ್ಧತಿ ಗೊತ್ತು. ಅವಳು ಹ್ಞೂಂ ಅಂದ್ರೆ ಹೇಳ್ತೀರಲ್ಲ?"

ಲಿಯೆನ್ ಕೈ ತೊಳೆದು, ರಸ್ತೆ ದಾಟಿ, ಗುಡಿಯೊಳಗೆ ಮಂಡಿಯೂರಿದಳು. ಗಾರ್ತ್ ಪಕ್ಕದಲ್ಲಿ ನಿಂತ. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಹಣೆಗೊತ್ತಿಕೊಂಡು, ತುಟಿಯಲ್ಲೇ ವಿಷಯ ಒಪ್ಪಿಸಿ, ನೆಲಕ್ಕೆ ಬಿಟ್ಟಳು. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಒಪ್ಪಿಗೆ. ಎರಡೂ ಚಪ್ಪಟೆ ಮುಖ ಮೇಲಾಗಿ ಬಿದ್ದು ತೊಟ್ಟಿಲಿನ ಹಾಗೆ ತೂಗಿದವು.

"ಏನಂದ್ಲು?"

"ನಗ್ತಿದ್ದಾಳೆ."

"ಇನ್ನೊಂದ್ಸಲ."

ಇನ್ನೊಂದು ಸಲವೂ ಎರಡೂ ಮೇಲ್ಮುಖವಾಗಿ ಬಿದ್ದು, ಮೊದಲಿಗಿಂತ ಹೆಚ್ಚು ಹೊತ್ತು ತೂಗಿದವು. ದೀಪದೆಣ್ಣೆ ಹಾಕುತ್ತಿದ್ದ ಪೂಜಾರಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಅವಳು ನಗಲಿ ಬಿಡಿ, ಚಿಕ್ಕಮ್ಮ," ಗಾರ್ತ್ ಬಗ್ಗಿ, ದನಿ ತಗ್ಗಿಸಿ, ಫೋನನ್ನು ಮತ್ತೆ ಅವಳ ಮುಂದೆ ಹಿಡಿದ. "ನೀವು ಹೇಳಿ. ಎರಡೇ ಮಾತು. ನಿಮ್ಮ ದಮ್ಮಯ್ಯ."

ಲಿಯೆನ್ ಮರದ ತುಂಡುಗಳನ್ನು ಸೆರಗಿಲ್ಲದ ಅಂಗಿಯ ತುದಿಯಲ್ಲಿ ಒರೆಸಿ, ಜೋಡಿಸಿ, ತಟ್ಟೆಯಲ್ಲಿಟ್ಟಳು. ಮಂಡಿ ಹಿಡಿದುಕೊಂಡು ಎದ್ದಳು.

"ಹನ್ನೊಂದಕ್ಕೆ ಬನ್ನಿ ಮೇಷ್ಟ್ರೇ, ದುಡ್ಡು ಕೊಟ್ಟು ಉಣ್ಣಿ. ಮೊಟ್ಟೆ ಬೇಕಿದ್ರೆ ಕೇಳಿ, ಹದಿನೈದು ಡಾಲರ್. ನಿಮ್ಮ ಆ ಎರಡು ಮಾತು ಮಾತ್ರ ಹೇಳಲ್ಲ."