ಮುತ್ತಣ್ಣನ ಎರಡು ಸಲಹೆ

ನಾಗಸಂದ್ರ ಮೆಟ್ರೊ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ ಮುತ್ತಣ್ಣನ ಗ್ಯಾರೇಜು. ಕೊಪ್ಪಳದ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷ ಎಂಜಿನ್ನುಗಳ ಜೊತೆಗೇ ಬದುಕಿದವನು. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ರೋಗ ಯಾವುದೆಂದು ಹೇಳುತ್ತಿದ್ದ. ಹಾಗಾಗಿ ಗಿರಾಕಿಗಳು ರಿಪೇರಿಗಷ್ಟೇ ಅಲ್ಲ, ಹೊಸ ಕಾರು ಕೊಳ್ಳುವಾಗಲೂ ಅವನನ್ನು ಒಂದು ಮಾತು ಕೇಳದೆ ಮುಂದುವರಿಯುತ್ತಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ವಸಂತ್ ಬಂದ. ಪೀಣ್ಯದ ವಾಲ್ವ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರನ್ನು ಸರ್ವಿಸಿಗೆ ಬಿಟ್ಟು ಕೀ ಕೊಟ್ಟ. ಆಮೇಲೂ ಅಲ್ಲೇ ನಿಂತಿದ್ದ.

"ಮುತ್ತಣ್ಣ, ಇದನ್ನ ಕೊಟ್ಬಿಟ್ಟು ಎಲೆಕ್ಟ್ರಿಕ್ ತಗೊಳ್ಳೋಣ ಅಂತಿದೀನಿ. ಪೆಟ್ರೋಲ್‌ಗೆ ಸುರಿದೂ ಸುರಿದೂ ಸಾಕಾಗಿದೆ. ನೀವೇನಂತೀರ?"

ಆಗಲೇ ಹೊಸ ಕಾರು ಮನೆಗೆ ಬಂದುಬಿಟ್ಟಿದೆ ಎನ್ನುವ ಹಾಗೆ ಅವನ ಮುಖ ಅರಳಿತ್ತು. ಅದನ್ನು ಬಾಡಿಸಲು ಮುತ್ತಣ್ಣನಿಗೆ ಮನಸ್ಸಾಗಲಿಲ್ಲ.

"ತಗೊಳ್ಳಿ ಸಾರ್. ಇನ್ಮುಂದೆ ಅದೇ ಅಲ್ವಾ. ಆಯಿಲ್ ಇಲ್ಲ, ಬೆಲ್ಟ್ ಇಲ್ಲ, ತಲೆನೋವಿಲ್ಲ."

ಬುಧವಾರ ಕಾರು ಒಯ್ಯಲು ಬಂದವಳು ವಸಂತನ ಹೆಂಡತಿ ದೀಪಶ್ರೀ. ದಾಸರಹಳ್ಳಿಯ ಶಾಲೆಯೊಂದರಲ್ಲಿ ಟೀಚರ್. ದಿನವೂ ಕಾರು ಓಡಿಸುವವಳು ಅವಳೇ.

"ನಮ್ಮನೆಯವ್ರಿಗೆ ಎಲೆಕ್ಟ್ರಿಕ್ ಹುಚ್ಚು ಹಿಡಿದಿದೆ ಮುತ್ತಣ್ಣ. ನಮ್ಮಮ್ಮನ ಮನೆ ಪಾವಗಡ. ದಾರೀಲಿ ಚಾರ್ಜ್ ಮುಗಿದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿ ನಿಲ್ಲೋದು? ಎಂಟು ವರ್ಷ ಆದ್ಮೇಲೆ ಬ್ಯಾಟರಿ ಹೋದ್ರೆ ಯಾರು ನೋಡ್ತಾರೆ? ಪೆಟ್ರೋಲೇ ವಾಸಿ ಅಲ್ವಾ?"

"ವಾಸಿ ಮೇಡಂ. ಪೆಟ್ರೋಲ್ ಗಾಡಿ ಯಾವ ಊರಲ್ಲಿ ಕೆಟ್ಟು ನಿಂತ್ರೂ ನನ್ನಂಥೋನು ಒಬ್ಬ ಸಿಕ್ಕೇ ಸಿಗ್ತಾನೆ."

ಸುಳ್ಳು ಹೇಳಿದೆನೆಂದು ಅವನಿಗೆ ಎರಡು ಸಲವೂ ಅನ್ನಿಸಲಿಲ್ಲ.

ಶನಿವಾರ ಗಂಡ ಹೆಂಡತಿ ಇಬ್ಬರೂ ನಡೆದುಕೊಂಡೇ ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಮುತ್ತಣ್ಣ, ನೀವು ನನಗೆ ಏನು ಹೇಳಿದ್ರಿ?" ಎಂದು ಕೇಳಿದಳು ದೀಪಶ್ರೀ.

"ಪೆಟ್ರೋಲ್ ವಾಸಿ ಅಂದೆ ಮೇಡಂ."

"ನನಗೆ?" ಎಂದ ವಸಂತ್.

ಮುತ್ತಣ್ಣ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ. "ಎಲೆಕ್ಟ್ರಿಕ್ ತಗೊಳ್ಳಿ ಅಂದೆ."

ವಸಂತ್ ನಗಲಿಲ್ಲ. "ಎರಡು ದಿನದಿಂದ ಮನೇಲಿ ನಿಮ್ಮ ಹೆಸರು ಹೇಳ್ಕೊಂಡೇ ಜಗಳ ಆಗ್ತಿದೆ. ನಾಳೆ ಟೆಸ್ಟ್ ಡ್ರೈವ್‌ಗೆ ಹೋಗ್ತಿದೀವಿ, ನೀವೂ ಬನ್ನಿ. ನೋಡಿ, ಒಂದೇ ಮಾತು ಹೇಳಿ."

ಸಂಜೆ ಮುತ್ತಣ್ಣ ಊಟಕ್ಕೆ ಕೂತಾಗ ಹೆಂಡತಿ ಚನ್ನಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ.

"ಗಂಡಗೊಂದು, ಹೇಂತಿಗೊಂದು ಹೇಳೂದಕ್ಕ ನಿನಗ ನಾಚಿಕಿ ಬರಲಿಲ್ಲೇನು?"

"ಕೇಳಿದವ್ರ ಮನಸ್ನ್ಯಾಗ ಇದ್ದದ್ದ ಹೇಳೀನಿ."

"ನಿನ್ನ ಮನಸ್ನ್ಯಾಗ ಏನೈತಿ?"

ಅದೇ ಅವನಿಗೆ ತಿಳಿಯಲಿಲ್ಲ. ಎಲ್ಲರೂ ಎಲೆಕ್ಟ್ರಿಕ್ ಕೊಂಡರೆ ತನ್ನ ಗ್ಯಾರೇಜಿಗೆ ಬರುವವರು ಯಾರು ಎಂಬ ಹೆದರಿಕೆಯಿಂದ ದೀಪಶ್ರೀಗೆ ಹಾಗೆಂದೆನೆ? ಇವನು ಹಳೇ ಕಾಲದವನು ಅನ್ನಿಸಿಕೊಳ್ಳಬಾರದೆಂದು ವಸಂತನಿಗೆ ಹೀಗೆಂದೆನೆ? ಯೋಚಿಸುತ್ತ ಕೂತವನ ಮುಂದೆ ರೊಟ್ಟಿ ಆರಿತು.

ಭಾನುವಾರ ಶೋರೂಮಿನಲ್ಲಿ ಕಾರು ತೋರಿಸಲು ಬಂದವಳ ಹೆಸರು ದಿವ್ಯಾ. ಅವಳು ಗುಂಡಿ ಒತ್ತಿ ಸುಮ್ಮನೆ ಕೂತಳು.

"ಸ್ಟಾರ್ಟ್ ಮಾಡಿ ಮೇಡಂ," ಎಂದ ಮುತ್ತಣ್ಣ.

"ಆಗಿದೆ ಸಾರ್."

ಅವನು ಬಗ್ಗಿ ಕಿವಿಗೊಟ್ಟ. ಎ.ಸಿ.ಯ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಉಸಿರಾಡುತ್ತಿರುವ ಮನುಷ್ಯನ ನಾಡಿ ಸಿಗದೆ ಹೋದ ವೈದ್ಯನಂತೆ ಅವನು ಕಂಗಾಲಾದ.

ದೀಪಶ್ರೀ ಓಡಿಸಿದಳು. ಜಾಲಹಳ್ಳಿ ಕ್ರಾಸಿನ ಜಾಮಿನಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡುವಾಗ ಒತ್ತಲು ಕ್ಲಚ್ಚೇ ಇಲ್ಲದ್ದು ಅವಳಿಗೆ ಹಿತವೆನಿಸಿತು. ಹಿಂದೆ ಕೂತ ವಸಂತ್ ಮಾತ್ರ, ಚಾರ್ಜ್ ಇನ್ನೆಷ್ಟು ದೂರಕ್ಕಿದೆ ಎಂದು ಪರದೆಯ ಮೇಲೆ ಇಳಿಯುತ್ತಿದ್ದ ಕಿಲೋಮೀಟರುಗಳನ್ನೇ ನೋಡುತ್ತ ಕೂತಿದ್ದ.

ವಾಪಸು ಬಂದ ಮೇಲೆ ಮುತ್ತಣ್ಣ ಬಾನೆಟ್ ತೆರೆಸಿದ. ಒಳಗೆ ಮುಚ್ಚಳ ಹಾಕಿದ ಪೆಟ್ಟಿಗೆ, ಹೆಬ್ಬೆರಳು ಗಾತ್ರದ ಕಿತ್ತಳೆ ಬಣ್ಣದ ಕೇಬಲ್ಲು, ಮುಟ್ಟಬೇಡಿ ಎಂಬ ಚೀಟಿ. ಅಭ್ಯಾಸಬಲದಿಂದ ಮುಂದೆ ಹೋದ ಅವನ ಕೈ ಹಿಂದೆ ಬಂತು.

"ಇದ್ರಲ್ಲಿ ಏನು ಕೆಡುತ್ತೆ?"

"ಹೆಚ್ಚೇನೂ ಕೆಡಲ್ಲ ಸಾರ್. ಕೆಟ್ರೆ ಕಂಪನಿ ಸರ್ವಿಸ್‌ಗೇ ತರ್ಬೇಕು."

ಶೋರೂಮಿನ ಪಕ್ಕದಲ್ಲೇ ಸಂಗಣ್ಣ ಎಂಬ ಡ್ರೈವರ್ ತನ್ನ ಎಲೆಕ್ಟ್ರಿಕ್ ಟ್ಯಾಕ್ಸಿಯನ್ನು ಚಾರ್ಜಿಗೆ ಹಾಕಿ ನಿಂತಿದ್ದ. ವಿಜಯಪುರದವನು. ಮುತ್ತಣ್ಣ ಅವನನ್ನೇ ಕೇಳಿದ.

"ಓಡಸಾಕ ಅಗ್ಗ ಐತ್ರಿ ಅಣ್ಣ. ಆದ್ರ ಇಲ್ಲಿ ಪಾಳಿ ಹಚ್ಚಿ ನಿಂತ ಅರ್ಧ ದಿನಾ ಹೊಕ್ಕೈತಿ. ಕೊಳ್ಳೂದೋ ಬಿಡೂದೋ ನನ್ನ ಕೇಳಬ್ಯಾಡ್ರಿ. ಗಾಡಿ ನಂದಲ್ಲ, ಮಾಲಕಂದು."

ಮೂವರೂ ಎದುರಿನ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತರು.

"ನನಗೆ ಇದೇ ಇಷ್ಟ ಆಯ್ತು. ಕಾಲು ನೋಯಲ್ಲ," ಎಂದಳು ದೀಪಶ್ರೀ.

"ನನಗ್ಯಾಕೋ ಬೇಡ ಅನ್ಸ್ತಿದೆ," ಎಂದ ವಸಂತ್. "ಪೆಟ್ರೋಲ್ ಆದ್ರೆ ಯಾವ ಊರಲ್ಲಾದ್ರೂ ರಿಪೇರಿ ಆಗುತ್ತೆ ಅಂತ ಮುತ್ತಣ್ಣ ಹೇಳಿದ್ದೇ ಸರಿ."

"ಅದು ಅವರು ನನಗೆ ಹೇಳಿದ್ದು."

"ಗೊತ್ತು. ಈಗ ನನಗೂ ಸರಿ ಅನ್ಸ್ತಿದೆ."

ಇಬ್ಬರೂ ಅವನ ಕಡೆ ತಿರುಗಿದರು. ಮುತ್ತಣ್ಣ ಲೋಟ ಕೆಳಗಿಟ್ಟ.

"ನನಗೆ ಗೊತ್ತಿಲ್ಲ ಸಾರ್. ಆ ಗಾಡಿ ನನಗೆ ಅರ್ಥಾನೇ ಆಗಲ್ಲ. ಪೆಟ್ರೋಲ್ ತಗೊಳ್ಳಿ ಅಂದ್ರೆ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನೋ ನನ್ನ ಹೊಟ್ಟೆಪಾಡಿಗೆ ಹೇಳ್ತಿದೀನೋ ನನಗೇ ತಿಳೀತಿಲ್ಲ. ನನ್ನ ಮಾತು ಲೆಕ್ಕಕ್ಕೆ ತಗೋಬೇಡಿ."

ಅವರು ಸಿಟ್ಟಾಗುತ್ತಾರೆಂದು ಅವನು ಕಾದ. ದೀಪಶ್ರೀ ಸಿಟ್ಟಾಗಲಿಲ್ಲ.

"ಹೋಗ್ಲಿ, ಇದೊಂದು ಹೇಳಿ. ನಮ್ಮ ಗಾಡಿ ತಿಂಗಳಿಗೆ ಎಷ್ಟು ಓಡುತ್ತೆ?"

ಅದು ಅವನಿಗೆ ಗೊತ್ತಿತ್ತು. ಪ್ರತಿ ಸರ್ವಿಸಿನಲ್ಲೂ ಮೀಟರ್ ನೋಡುವವನು ಅವನೇ. "ಐನೂರು ಕಿಲೋಮೀಟರ್ ದಾಟಲ್ಲ ಮೇಡಂ."

"ಅಷ್ಟೇನಾ?" ಎಂದ ವಸಂತ್. ಇಷ್ಟು ಕಡಿಮೆ ಓಡಿಸುವವರು ಎಲೆಕ್ಟ್ರಿಕ್ ಕೊಂಡರೆ ಪೆಟ್ರೋಲಿನ ಖರ್ಚಿನಲ್ಲಿ ಉಳಿಯುವುದಾದರೂ ಎಷ್ಟು? ಅಥವಾ ಮನೆ ಹತ್ತಿರವೇ ಮೆಟ್ರೊ ಇರುವಾಗ ಕಾರೇ ಬೇಕೆ? ಎಲೆಕ್ಟ್ರಿಕ್ಕೋ ಪೆಟ್ರೋಲೋ ಎಂಬುದರ ಜೊತೆಗೆ ಈಗ ಕಾರೇ ಬೇಕೆ ಎಂಬುದೂ ಸೇರಿತು. ಬಂದಾಗ ಇದ್ದುದಕ್ಕಿಂತ ಹೆಚ್ಚಿನ ಗೊಂದಲ ಹೊತ್ತುಕೊಂಡು ಮನೆಗೆ ಹೋದರು. ಆದರೆ ಹೋಗುವಾಗ ಮಾತಾಡುತ್ತ ಹೋದರು.

ತಿಂಗಳಾದ ಮೇಲೆ ದೀಪಶ್ರೀ ಬೂದು ಬಣ್ಣದ ಎಲೆಕ್ಟ್ರಿಕ್ ಕಾರನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಳು. ಬಂದದ್ದು ಮುತ್ತಣ್ಣನಿಗೆ ಕೇಳಿಸಲೇ ಇಲ್ಲ. ಹಾರ್ನ್ ಮಾಡಿದಾಗ ತಿರುಗಿ ನೋಡಿದ.

"ಓಡ್ಸೋದು ನಾನು ತಾನೇ, ನನ್ನಿಷ್ಟಕ್ಕೇ ಬಿಟ್ರು," ಎಂದಳು. "ಅವರು ಮೆಟ್ರೊದಲ್ಲೇ ಹೋಗಿಬರ್ತಿದಾರೆ. ಪೆಟ್ರೋಲ್ ತಗೊಂಡಿದ್ರೆ ಚೆನ್ನಾಗಿರ್ತಿತ್ತು ಅಂತ ವಾರಕ್ಕೊಂದ್ಸಲ ಅಂತಾರೆ. ಒಂದೊಂದ್ಸಲ ನನಗೂ ಹಾಗೇ ಅನ್ಸುತ್ತೆ."

ಮುತ್ತಣ್ಣ ಕಾರನ್ನು ಒಂದು ಸುತ್ತು ಹಾಕಿದ. ಆಮೇಲೆ ಪೈಪು ಎಳೆದು ತಂದು ಕೂತು ನಾಲ್ಕೂ ಚಕ್ರದ ಗಾಳಿ ನೋಡಿದ. ಹಿಂದಿನ ಎಡಗಡೆಯದರಲ್ಲಿ ಕಡಿಮೆಯಿತ್ತು, ತುಂಬಿಸಿದ. ಅವಳು ಪರ್ಸ್ ತೆಗೆದಳು. ಅವನು ಬೇಡವೆಂದು ಕೈಯಾಡಿಸಿದ.

"ಮುತ್ತಣ್ಣ, ನಾವು ಮಾಡಿದ್ದು ಸರಿನಾ?"

"ಒಂದು ವರ್ಷ ಓಡ್ಸಿ ಮೇಡಂ," ಎಂದ ಅವನು. "ಆಮೇಲೆ ನೀವೇ ನನಗೆ ಹೇಳಿ."